ಮುಂದಿನ ವಾರಕ್ಕೆ

ನನ್ನ ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ. ಕಾವೇರಿಯ ದಡದ ನಿಮಿಷಾಂಬೆ ಬೇಡಿದ್ದನ್ನು ನಿಮಿಷದಲ್ಲಿ ನಡೆಸಿಕೊಡುವಳೆಂಬುದು ಅಲ್ಲಿಯವರ ನಂಬಿಕೆ. ಆದರೆ ನಮ್ಮ ಮನೆಯ ಮಕ್ಕಳ ಒಂದು ಕೋರಿಕೆ ಈಡೇರಲು ಮಾತ್ರ ಪೂರಾ ಏಳು ದಿನ ಬೇಕಾಗುತ್ತಿತ್ತು. ಅದು ‘ಸುಧಾ’ ವಾರಪತ್ರಿಕೆಯ ಫ್ಯಾಂಟಮ್ ಚಿತ್ರಕಥೆ.

ಈ ಮುಖವಾಡದ ವೀರನನ್ನು ಲೀ ಫಾಕ್ ಅವರು ಅಮೆರಿಕದ ದಿನಪತ್ರಿಕೆಗಳಿಗಾಗಿ ಸೃಷ್ಟಿಸಿದ್ದು 1936ರಲ್ಲಿ. 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತುಹೋದ ಇಂದ್ರಜಾಲ ಕಾಮಿಕ್ಸ್ ಅವನ ಸಾಹಸಗಳನ್ನು ಪುಸ್ತಕರೂಪದಲ್ಲಿ ನಮ್ಮ ದೇಶದ ಮಕ್ಕಳ ಕೈಗಿತ್ತಿತು. ಆದರೂ ಪುಸ್ತಕದಲ್ಲಿ ಓದುವ ಸುಖ ಬೇರೆ, ಪತ್ರಿಕೆಯಲ್ಲಿ ಓದುವ ಸುಖ ಬೇರೆ. ಪತ್ರಿಕೆಯ ಚಿತ್ರಕಥೆಗೆ ಅದರದೇ ಆದ ಕಟ್ಟುಪಾಡುಂಟು. ಮೊದಲ ಚೌಕ ಹಿಂದಿನ ಕಂತನ್ನು ನೆನಪಿಸಬೇಕು. ನಡುವಿನವು ಕಥೆಯನ್ನು ಒಂದು ಹೆಜ್ಜೆ ಮುಂದೊಯ್ಯಬೇಕು. ಕೊನೆಯ ಚೌಕದಲ್ಲಿ ಬಾಗಿಲು ತೆರೆಯಬೇಕು, ಬಂದವರಾರೆಂದು ಮಾತ್ರ ಕಾಣಬಾರದು. ಉಳಿದ ಆರೇಳು ದಿನ ಕಥೆಯನ್ನು ನಡೆಸುವವರು ಓದುಗರೇ.

ಬೇಸಿಗೆ ರಜೆಯ ಟೂರಿಂಗ್ ಟಾಕೀಸಿನಲ್ಲೂ ಇದೇ ನ್ಯಾಯ. ಡೇರೆಯಲ್ಲಿದ್ದದ್ದು ಒಂದೇ ಪ್ರೊಜೆಕ್ಟರು. ಸಾವಿರ ಅಡಿ ಫಿಲ್ಮು ಓಡುವುದು ಸುಮಾರು 11 ನಿಮಿಷ. ಹಾಕಿದ ಸುರುಳಿ ಮುಗಿದಾಗಲೆಲ್ಲ ಚಿತ್ರ ನಿಂತು ದೀಪ ಹತ್ತುತ್ತಿತ್ತು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ರಾಜಕುಮಾರ್ ಕತ್ತಿ ಎತ್ತಿದ ಹೊತ್ತಿಗೇ ಹೀಗಾಯಿತು. ಚಂದ್ರಮತಿ ಬದುಕುವಳೆಂದು ಅಜ್ಜಿಗೆ ಗೊತ್ತಿಲ್ಲವೆ? ಆದರೂ ದೀಪದ ಬೆಳಕಿನಲ್ಲಿ ಪಕ್ಕದವರೊಡನೆ ಸೇರಿ ಕಣ್ಣೊರೆಸಿಕೊಂಡರು. 2008ರಲ್ಲಿ ಆ ಚಿತ್ರ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದಾಗ ನೋಡಿದೆ. ಬಣ್ಣ ಚೆನ್ನಾಗಿತ್ತು, ಅಳುವುದಕ್ಕೆ ಬಿಡುವೇ ಇರಲಿಲ್ಲ.

ಫ್ಯಾಂಟಮ್ಮನ ಒಂದು ಕಥೆ ಅರ್ಧಕ್ಕೆ ಬಂದಿದ್ದಾಗ ಅಕ್ಕನ ಮದುವೆಯಾಯಿತು. ಅವಳು ಹೋದ ಕೃಷ್ಣರಾಜಪೇಟೆಯ ಕಡೆಯ ಹಳ್ಳಿಗೆ ಪತ್ರಿಕೆ ಬರುತ್ತಿರಲಿಲ್ಲ. ವಾರವಾರವೂ ಕಥೆಯನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸುತ್ತೇನೆಂದು ಮಾತು ಕೊಟ್ಟೆ. ಕಾರ್ಡಿನಲ್ಲಿ ಹಿಡಿಸುವಷ್ಟನ್ನೇ ಬರೆಯಬೇಕು, ಕೊನೆಗೆ ಕುತೂಹಲ ಉಳಿಸಬೇಕು: ಚಿತ್ರಕಥೆಯ ಕಟ್ಟುಪಾಡು ನನಗೆ ತಿಳಿದದ್ದೇ ಹಾಗೆ. ಐದು ಕಾರ್ಡು ಬರೆದೆ. ಆಮೇಲೆ ಪರೀಕ್ಷೆ ಬಂತು, ಗೆಳೆಯರು ಬಂದರು, ಬರೆಯುವುದು ನಿಂತಿತು. ಕಳ್ಳರು ಸೆರೆಹಿಡಿದ ಹುಡುಗಿಯೊಬ್ಬಳು ಗುಹೆಯಲ್ಲೇ ಉಳಿದಳು. ಅಕ್ಕ ಒಮ್ಮೆಯೂ ಕೇಳಲಿಲ್ಲ. ಕತ್ತರಿಸಿ ಹೊಲಿದಿಟ್ಟಿದ್ದ ಪುಟಗಳನ್ನು ಮುಂದೆ ನಾನೇ ರದ್ದಿಗೆ ಹಾಕಿದೆ.

ಕಳೆದ ವರ್ಷ ಅಕ್ಕನ ಮನೆಗೆ ಹೋಗಿದ್ದೆ. ಸೀರೆಯ ಪೆಟ್ಟಿಗೆಯ ತಳದಿಂದ ಆ ಐದು ಕಾರ್ಡುಗಳನ್ನು ತೆಗೆದು ಮುಂದಿಟ್ಟಳು. ನನಗೆ ನಾಚಿಕೆಯಾಯಿತು. ಮುಂದಿನದನ್ನು ಈಗಲಾದರೂ ಹೇಳೋಣವೆಂದರೆ ಕಥೆ ನೆನಪಿಗೇ ಬರಲೊಲ್ಲದು.

“ನೀನು ಹೇಳೋದೇನೂ ಬೇಡ ಕಣೋ. ಅದನ್ನ ನಾನು ಆವಾಗಲೇ ಮುಗಿಸಿಕೊಂಡೆ,” ಎಂದಳು.

ಹಳೆಯ ಚಿತ್ರಕಥೆಗಳಿಗಾಗಿ, ರಜೆಯ ಸಿನಿಮಾಗಳಿಗಾಗಿ ನಾವು ಹಂಬಲಿಸುವುದುಂಟು. ಅವು ಈಗಲೂ ಹುಡುಕಿದರೆ ಸಿಗುತ್ತವೆ. ಸಿಗದಿರುವುದು ಎರಡು ಕಂತುಗಳ ನಡುವಿನ ಆ ವಾರ, ಎರಡು ಸುರುಳಿಗಳ ನಡುವಿನ ಆ ದೀಪ, ಜೊತೆಯಲ್ಲಿ ಕಾದ ಆ ಜನ.

ಅಕ್ಕ ಮುಗಿಸಿಕೊಂಡ ಕಥೆಯನ್ನೂ ಕೇಳಿದೆ. ಅದರಲ್ಲಿ ಫ್ಯಾಂಟಮ್ ಕಳ್ಳರ ಬೆನ್ನಟ್ಟಿ ಹೋಗುವುದಿಲ್ಲ. ಹುಡುಗಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಮೊದಲು ಅವಳ ತೌರುಮನೆಗೆ ತಲುಪಿಸುತ್ತಾನೆ.