ಬಲ್ಮಠದ ಭಾನುವಾರ

ಹಂಪನಕಟ್ಟೆಯಿಂದ ಜ್ಯೋತಿ ವೃತ್ತದ ಕಡೆ ಹೊರಟ ಸಿಟಿ ಬಸ್ಸು ಏರು ಹತ್ತಿ ಬಲ್ಮಠ ಸೇರುವಾಗ ಮಂಗಳೂರು ಪೇಟೆಯ ಗದ್ದಲ ಒಂದಿಷ್ಟು ಹಿಂದೆ ಬಿದ್ದಿರುತ್ತದೆ. ಇಲ್ಲಿನ ಹಳೆಯ ಮಿಷನ್ ಆವರಣದೊಳಗೆ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದೆ, ಅದರ ಪತ್ರಾಗಾರ ಇದೆ, ಶಾಂತಿ ಕೆಥೆಡ್ರಲ್ ಇದೆ. ವಾರವಿಡೀ ಈ ಆವರಣ ಓದುವವರದು, ಕಚೇರಿ ಕೆಲಸಕ್ಕೆ ಬಂದುಹೋಗುವವರದು. ಭಾನುವಾರ ಬೆಳಿಗ್ಗೆ ಮಾತ್ರ ಇದು ಇಡಿಯಾಗಿ ಚರ್ಚಿನ ಸಭೆಯವರದು.

ಮಂಗಳೂರಿನ ಕ್ರೈಸ್ತರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕೊಂಕಣಿ ಮಾತನಾಡುವ ಕ್ಯಾಥೊಲಿಕರು, ಮಿಲಾಗ್ರಿಸ್ ಮತ್ತು ರೊಸಾರಿಯೊ ಇಗರ್ಜಿಗಳು, ಅಲೋಶಿಯಸ್ ಚಾಪೆಲ್‌ನ ವರ್ಣಚಿತ್ರಗಳು. ಪ್ರೊಟೆಸ್ಟೆಂಟರ ಸಂಖ್ಯೆ ಅವರಿಗಿಂತ ಬಹಳ ಕಡಿಮೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಕಟ್ಟಿದ ಸಭೆಗಳವರಾದ ಇವರು ಊರಿನವರ ಬಾಯಲ್ಲಿ ಈಗಲೂ ‘ಬಾಸೆಲ್ ಮಿಷನ್‌ನವರು’. ಹೆಚ್ಚಿನವರ ಮನೆಮಾತು ತುಳು, ಆರಾಧನೆಯ ಭಾಷೆ ಕನ್ನಡ, ಹಾಡುವ ರಾಗಗಳಲ್ಲಿ ಎಷ್ಟೋ ಜರ್ಮನಿಯವು. ಈ ಮೂರೂ ಒಂದೇ ಬೆಂಚಿನ ಮೇಲೆ ಒತ್ತಾಗಿ ಕೂತಿರುವುದನ್ನು ನೋಡಬೇಕಾದರೆ ಭಾನುವಾರವೇ ಬರಬೇಕು.

ಕರಾವಳಿಯ ಹಳೆಯ ಬಾಸೆಲ್ ಚರ್ಚುಗಳ ಒಳಗೆ ಕಣ್ಣಿಗೆ ಹಬ್ಬವಾಗುವಂಥ ಅಲಂಕಾರ ಸಿಗುವುದಿಲ್ಲ. ಸಂತರ ಪ್ರತಿಮೆಗಳಿಲ್ಲ, ಮೇಣದ ಬತ್ತಿಗಳ ಸಾಲುಗಳಿಲ್ಲ. ಎದುರಿಗೆ ಶಿಲುಬೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜು, ಪ್ರಸಂಗಪೀಠ, ಆ ದಿನದ ಗೀತೆಗಳ ಸಂಖ್ಯೆ ತೋರಿಸುವ ಹಲಗೆ. ಮೇಜಿನ ಹೊದಿಕೆಯ ಬಣ್ಣ ನೋಡಿಯೇ ಹಳಬರು ಕಾಲ ಹೇಳಿಬಿಡುತ್ತಾರೆ: ನೇರಳೆ ಕಂಡರೆ ಕ್ರಿಸ್ಮಸ್‌ಗೆ ಮೊದಲಿನ ನಿರೀಕ್ಷೆಯ ವಾರಗಳು, ಇಲ್ಲವೇ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳು. ಈ ಸರಳತೆಯನ್ನು ಬಡತನವೆಂದು ತಿಳಿಯಬಾರದು. ಕಣ್ಣಿನ ಕೆಲಸ ಕಡಿಮೆ ಮಾಡಿ ಕಿವಿಗೆ ಕೆಲಸ ಕೊಡುವ ಸಂಪ್ರದಾಯ ಇದು.

ಗಂಟೆ ಬಾರಿಸಿದ ಮೇಲೆ ಸಭಾಪಾಲಕರೂ ಗಾಯಕವೃಂದವೂ ಒಳಬರುತ್ತಾರೆ, ಸಭೆ ಎದ್ದು ನಿಂತು ಹಾಡುತ್ತದೆ. ಪಾಪದ ಅರಿಕೆ, ಕ್ಷಮೆಯ ಮಾತು, ಕೀರ್ತನೆ, ಹಳೆಯ ಒಡಂಬಡಿಕೆಯ ಪಾಠ, ಅಪೊಸ್ತಲರ ಪತ್ರಿಕೆಯ ಪಾಠ, ಸುವಾರ್ತೆ. ಪಾಠ ಓದುವವರು ಸಭೆಯ ಸಾಮಾನ್ಯ ಜನ. ಒಂದು ವಾರ ನಿವೃತ್ತ ಶಿಕ್ಷಕಿ, ಇನ್ನೊಂದು ವಾರ ಪಿಯುಸಿ ಓದುವ ಹುಡುಗ. ಸತ್ಯವೇದದ ಹಳೆಗಾಲದ ಕನ್ನಡ ಆ ಹುಡುಗನ ನಾಲಗೆಯಲ್ಲಿ ಒಮ್ಮೆ ತೊಡರಿದರೂ ಯಾರೂ ಮುಖ ಸಿಂಡರಿಸುವುದಿಲ್ಲ. ನಾಲ್ಕು ಸಲ ಎಲ್ಲರೆದುರು ನಿಂತು ಓದಿದ ಮೇಲೆ ಅವನ ಕನ್ನಡ ತಾನಾಗಿ ಗಟ್ಟಿಯಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳೇ ತುಂಬಿರುವ ನಗರದಲ್ಲಿ ಪ್ರತಿ ವಾರ ಇಷ್ಟು ಜನ ಗಟ್ಟಿಯಾಗಿ, ಒಟ್ಟಾಗಿ ಕನ್ನಡ ಓದುವ ಜಾಗಗಳು ಎಷ್ಟಿವೆ?

ಕರ್ತನ ಭೋಜನದ ಭಾನುವಾರ ಇನ್ನೊಂದನ್ನು ಗಮನಿಸಬೇಕು. ಪಕ್ಕದವರ ಅಂಗೈಗಳ ನಡುವೆ ಅಂಗೈ ಇಟ್ಟು ಸಮಾಧಾನವನ್ನು ಸಾಲಿನಿಂದ ಸಾಲಿಗೆ ದಾಟಿಸುವ ಪದ್ಧತಿ ಇದೆ. ಅದು ಇಲ್ಲಿಗೆ ಬಂದ ಬಗೆ ಹೀಗೆ: ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಅದರಲ್ಲಿ ಒಂದಾದವು. ಕರಾವಳಿಯ ಬಾಸೆಲ್ ಸಭೆಗಳೂ ಅದರ ಭಾಗವಾದವು. ಹೊಸ ಸಭೆಗೆ ಆರಾಧನಾ ಕ್ರಮ ರೂಪಿಸಿದವರು ಪಶ್ಚಿಮದ ಕಡೆ ಮಾತ್ರ ನೋಡದೆ, ಕೇರಳದ ಸಿರಿಯನ್ ಕ್ರೈಸ್ತರು ಶತಮಾನಗಳಿಂದ ಉಳಿಸಿಕೊಂಡಿದ್ದ ಕೈಯಿಂದ ಕೈಗೆ ದಾಟುವ ಈ ಶುಭಾಶಯವನ್ನು ತಂದು ಸೇರಿಸಿದರು. ವಾರವಿಡೀ ಮಾತು ಬಿಟ್ಟ ಇಬ್ಬರು ಆ ಹೊತ್ತಿನಲ್ಲಿ ಒಂದೇ ಸಾಲಿನಲ್ಲಿ ಸಿಕ್ಕಿಬಿದ್ದರೆ, ಕೈ ಕೊಡದೆ ಗತ್ಯಂತರವಿಲ್ಲ.

ಪ್ರಸಂಗ, ಕಾಣಿಕೆ ಮುಗಿದ ಮೇಲೆ ಪ್ರಕಟಣೆಗಳು. ಹೊರಗಿನವರಿಗೆ ಇದು ಬೇಸರದ ಭಾಗ, ಸಭೆಯವರಿಗೆ ಜೀವದ ಭಾಗ. ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರ ಮನೆಯಲ್ಲಿ ಸಾವಾಗಿದೆ, ಈ ವಾರದ ಮನೆಪ್ರಾರ್ಥನೆ ಎಲ್ಲಿ, ಯಾರ ಮದುವೆ ಯಾರೊಂದಿಗೆ ಗೊತ್ತಾಗಿದೆ. ಮದುವೆಯನ್ನು ಸತತ ಮೂರು ಭಾನುವಾರ ಹೀಗೆ ಸಾರಿ, ಆಕ್ಷೇಪವಿದ್ದರೆ ತಿಳಿಸಿರಿ ಎಂದು ಕೇಳುವುದು ಹಳೆಯ ರೂಢಿ.

ಹಾಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಆರಂಭವಾದ ಮಿಷನ್ ಕಳಿಸಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಈ ಕಡಲತೀರಕ್ಕೆ ಬಂದಿಳಿದರು. ಹೀಗೆ ಬಂದ ಮಿಷನರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯವರು. ಲೂಥರನ ಕಾಲದಿಂದ ಬಂದ ಸಾಮೂಹಿಕ ಗಾಯನ ಅವರ ರಕ್ತದಲ್ಲೇ ಇತ್ತು. ಆ ರಾಗಗಳಿಗೆ ಹೊಂದುವಂತೆ ಕನ್ನಡ ಪದ ಕೂರಿಸುವುದು ಸುಲಭದ ಕೆಲಸವಲ್ಲ. ಜರ್ಮನ್ ಸಾಲು ಒತ್ತಿನ ಮೇಲೆ ನಡೆಯುತ್ತದೆ, ಕನ್ನಡದ ಸಾಲು ಮಾತ್ರೆಯ ಮೇಲೆ. ಕೆಲವು ಗೀತೆಗಳಲ್ಲಿ ಆ ಎಳೆದಾಟ ಇಂದಿಗೂ ಕೇಳಿಸುತ್ತದೆ. ಮತ್ತೆ ಕೆಲವು ಕನ್ನಡದಲ್ಲೇ ಹುಟ್ಟಿದವೇನೋ ಅನ್ನುವಷ್ಟು ಸಲೀಸಾಗಿವೆ. ದೇಸಿ ರಾಗದ ಕೀರ್ತನೆಗಳೂ ಇವುಗಳ ಜೊತೆಗೇ ಬೆಳೆದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಹಾನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್ ಅದಕ್ಕೂ ಬಹಳ ಮೊದಲು, 1862ರಲ್ಲೇ, ಯೇಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಮುಂದೆ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವರೂ ಅವರೇ. ಹಾಡುವ ಸಭೆಗೆ ಛಂದಸ್ಸು ಬೇಕಿತ್ತು ಎಂಬುದನ್ನು ಅವರು ಅರಿತಿದ್ದರು.

ತುಳು ಗೀತೆಗಳದು ಇನ್ನೊಂದು ಸಂಪತ್ತು. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ತುಳು ವ್ಯಾಕರಣ, ನಿಘಂಟು, ಪಾಡ್ದನಗಳ ಮುದ್ರಣ ಎಲ್ಲವೂ ಇದೇ ಮಿಷನ್ನಿನ ಜನರ ಕೈಯಿಂದ ಆದವು. ಆದರೂ ಭಾನುವಾರದ ಮುಖ್ಯ ಆರಾಧನೆಯಲ್ಲಿ ತುಳುವಿಗೆ ಸಿಗುವ ಜಾಗ ಚಿಕ್ಕದು. ಮನೆಪ್ರಾರ್ಥನೆಯಲ್ಲಿ, ಸಾವಿನ ಮನೆಯಲ್ಲಿ ಅಜ್ಜಿಯರು ಪುಸ್ತಕ ನೋಡದೆ ಹಾಡುವ ಆ ಗೀತೆಗಳು ಮೊಮ್ಮಕ್ಕಳ ಬಾಯಿಗೆ ಬರಬೇಕಾದರೆ ಕೆಥೆಡ್ರಲ್‌ನ ಗಾಯಕವೃಂದ ಅವನ್ನು ಇನ್ನೂ ಹೆಚ್ಚಾಗಿ ಎತ್ತಿಕೊಳ್ಳಬೇಕು. ಕೀಬೋರ್ಡು, ಡ್ರಮ್ಸು ಬಂದ ಮೇಲೆ ನಾಲ್ಕು ದನಿಗಳ ಗಾಯನವೂ ತೆಳ್ಳಗಾಗುತ್ತಿದೆ. ಹೊಸ ಹಾಡುಗಳು ಬರಲಿ. ಆದರೆ ತಲೆಮಾರುಗಳ ಅಭ್ಯಾಸದಿಂದ ಬಂದ ಕಂಠದ ಶಿಸ್ತು ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ.

ಬಲ್ಮಠದ ಈ ಗುಡ್ಡದ ಇತಿಹಾಸ ಕನ್ನಡಿಗರೆಲ್ಲರದು. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ನಾವು ಪ್ರತಿ ವರ್ಷ ಪತ್ರಿಕಾ ದಿನ ಆಚರಿಸುವುದು ಆ ಕಲ್ಲಚ್ಚಿನ ಹಾಳೆಯ ನೆನಪಿಗೆ. ಪರಧರ್ಮಗಳನ್ನು ಖಂಡಿಸಿ ಬರೆಯುವ ಮಿಷನರಿಗಳ ನಡುವೆಯೇ ಇದ್ದ ಅದೇ ಮೊಗ್ಲಿಂಗ್ ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಅಚ್ಚಿಗೆ ತಂದರು. ಮಂಗಳೂರಿನ ಬಾಸೆಲ್ ಮಿಷನ್ ದೇವಜ್ಞಾನ ಶಾಲೆಯಲ್ಲಿ ಕಲಿತು ಸಭಾಪಾಲಕರಾದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಈ ಹೆಸರುಗಳೆಲ್ಲ ಪಠ್ಯಪುಸ್ತಕದಲ್ಲಿ ಸಿಗುತ್ತವೆ. ಸಿಗದಿರುವುದು ಬೆಂಚಿನ ಮೇಲೆ ಕೂತವರ ಕತೆ. ಮತಾಂತರವಾದ ಕುಟುಂಬ ಆ ಕಾಲದಲ್ಲಿ ಜಾತಿಯನ್ನಷ್ಟೇ ಕಳೆದುಕೊಳ್ಳುತ್ತಿರಲಿಲ್ಲ. ಗೇಣಿಯ ಭೂಮಿ, ಕುಲಕಸುಬು, ನೆರೆಯವರ ಬಾವಿ, ಎಲ್ಲ ಕೈತಪ್ಪುತ್ತಿತ್ತು. ಅವರಿಗೆ ಅನ್ನದ ದಾರಿ ಮಾಡಬೇಕಾಗಿ ಬಂದದ್ದರಿಂದ ಮಿಷನ್ ಬಲ್ಮಠದಲ್ಲಿ ನೇಯ್ಗೆ ಆರಂಭಿಸಿತು, ಅಚ್ಚುಕೂಟ ಬೆಳೆಸಿತು. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣಿನಿಂದಾದ ಆ ಹಂಚು ‘ಮಂಗಳೂರು ಹಂಚು’ ಎಂದು ಸಮುದ್ರ ದಾಟಿತು. ವಾರಕ್ಕೆ ಆರು ದಿನ ಒಂದೇ ಕಾರ್ಖಾನೆಯಲ್ಲಿ ದುಡಿದವರು ಏಳನೆಯ ದಿನ ಒಂದೇ ಸಭೆಯಲ್ಲಿ ಕೂರುತ್ತಿದ್ದರು. ಮೊದಲ ಮಹಾಯುದ್ಧ ಬಂತು, ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಸೆರೆಯಲ್ಲಿಟ್ಟರು, 1919ರಲ್ಲಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಮುಂದೆ ಆರ್‌ಸಿಸಿ ಮನೆಗಳ ಕಾಲ ಬಂದು ಹಂಚಿನ ಉದ್ಯಮವೇ ಸೊರಗಿತು. ಕಟ್ಟಿಸಿದವರು ಹೋದರು, ಕೂಲಿ ಕೊಟ್ಟ ಕಾರ್ಖಾನೆ ಹೋಯಿತು, ಭಾನುವಾರ ಮಾತ್ರ ಉಳಿಯಿತು. ಯಾರ ಒತ್ತಾಯವೂ ಇಲ್ಲದೆ, ಇಲ್ಲಿನ ಜನರೇ ಅದನ್ನು ಇಷ್ಟು ಕಾಲ ನಡೆಸಿಕೊಂಡು ಬಂದಿದ್ದಾರೆ. ಬಲ್ಮಠಕ್ಕೆ ಬಂದವರು ಮೊಗ್ಲಿಂಗ್, ಕಿಟೆಲ್ ಹೆಸರು ಕೇಳಿ ಹೊರಟುಹೋದರೆ ಈ ದೊಡ್ಡ ಸಂಗತಿಯನ್ನೇ ಬಿಟ್ಟುಹೋದಂತೆ.

ಆರಾಧನೆ ಮುಗಿದರೂ ಜನ ಮನೆಗೆ ಹೊರಡುವುದಿಲ್ಲ. ಬಾಗಿಲಲ್ಲಿ ಸಭಾಪಾಲಕರ ಕೈ ಹಿಡಿದು ‘ವಂದನೆ ಅಯ್ಯನವರೇ’ ಅಂದಲ್ಲಿಗೆ ಕನ್ನಡ ಮುಗಿಯಿತು. ಅಂಗಳಕ್ಕಿಳಿದರೆ ತುಳು: ‘ಎಂಚ ಉಲ್ಲರ್?’ (ಹೇಗಿದ್ದೀರಿ?), ‘ಬಲೆ, ಚಾ ಪರ್ಕ’ (ಬನ್ನಿ, ಚಹ ಕುಡಿಯೋಣ). ಇನ್ನೊಂದು ಕಡೆ ಭಾನುವಾರ ಶಾಲೆಯ ಮಕ್ಕಳ ಗಲಾಟೆ. ಮಕ್ಕಳಿಗೆ ವಾಕ್ಯ ಕಂಠಪಾಠ, ಹಾಡು, ಕತೆ. ಬೇಸಿಗೆ ರಜೆಯಲ್ಲಿ ‘ವಿಬಿಎಸ್’ ಎಂದು ಕರೆಯುವ ರಜಾ ಶಿಬಿರ. ಕಲಿಸುವವರಿಗೆ ಸಂಬಳವಿಲ್ಲ. ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಆರು ದಿನ ದುಡಿದ ಯುವತಿ ಏಳನೆಯ ದಿನ ಮಕ್ಕಳಿಗೆ ನಾಟಕ ಕಲಿಸುತ್ತಾಳೆ. ಈ ಸೇವೆಗೆ ಸಭೆಗಳು ಇನ್ನೂ ಹೆಚ್ಚು ಗೌರವ ಕೊಡಬೇಕು.

ವಾರದ ಸಂಜೆಗಳಲ್ಲಿ ಮನೆಪ್ರಾರ್ಥನೆ ಸರದಿಯಂತೆ ಮನೆಯಿಂದ ಮನೆಗೆ ಸಾಗುತ್ತದೆ. ಚಪ್ಪಲಿ ಹೊರಗೆ, ಚಾಪೆ ಒಳಗೆ, ಎರಡು ಗೀತೆ, ಒಂದು ಪಾಠ, ಕಷ್ಟಸುಖ ಹೇಳಿಕೊಂಡು ಪ್ರಾರ್ಥನೆ, ಆಮೇಲೆ ಗೋಳಿಬಜೆ, ಚಹ. ಮಕ್ಕಳೆಲ್ಲ ಗಲ್ಫ್‌ಗೋ ಬೆಂಗಳೂರಿಗೋ ಹೋಗಿ ಒಂಟಿಯಾಗಿ ಉಳಿದ ಹಿರಿಯರ ಮನೆಗೆ ಈ ಸರದಿ ಬರುವ ದಿನ ಅಲ್ಲಿ ಹಬ್ಬ. ಸ್ತ್ರೀಯರ ಕೂಟದವರು ರೋಗಿಗಳನ್ನು ನೋಡಿಬರುತ್ತಾರೆ, ಬಡ ಮಕ್ಕಳ ಶಾಲೆ ಫೀಸಿಗೆ ಹಣ ಕೂಡಿಸುತ್ತಾರೆ. ಯುವಕರ ಕೂಟ ರಕ್ತದಾನ ಶಿಬಿರ, ಕ್ರೀಡಾಕೂಟ ನಡೆಸುತ್ತದೆ. ಡಿಸೆಂಬರ್ ಬಂತೆಂದರೆ ರಾತ್ರಿ ಮನೆಮನೆಗೆ ಹೋಗಿ ಕ್ರಿಸ್ಮಸ್ ಗೀತೆ ಹಾಡುತ್ತದೆ.

ವರ್ಷದ ಭಾನುವಾರಗಳಲ್ಲಿ ಅತ್ಯಂತ ಸಡಗರದ್ದು ಬೆಳೆಹಬ್ಬದ ಭಾನುವಾರ. ಮಳೆಗಾಲ ಕಳೆದ ಮೇಲೆ ಒಂದೊಂದು ಸಭೆ ಒಂದೊಂದು ದಿನ ಇದನ್ನು ಇಟ್ಟುಕೊಳ್ಳುತ್ತದೆ. ಭತ್ತದ ಕದಿರು, ಬಾಳೆಗೊನೆ, ಸೀಯಾಳ, ಸುವರ್ಣಗೆಡ್ಡೆ, ಬಸಳೆಯ ಕಟ್ಟು ಮೇಜಿನ ಮುಂದೆ ರಾಶಿ ಬೀಳುತ್ತವೆ. ಕಾಲು ಕಟ್ಟಿದ ಊರಕೋಳಿ ಪ್ರಸಂಗದ ನಡುವೆ ಕೂಗುವುದೂ ಉಂಟು. ಗದ್ದೆ ಇಲ್ಲದ ನಗರದವರು ಮನೆಯಲ್ಲಿ ಮಾಡಿದ ಕೇಕು, ಉಪ್ಪಿನಕಾಯಿ, ಹೊಲಿದ ಚೀಲ ತರುತ್ತಾರೆ. ಆರಾಧನೆಯ ನಂತರ ಏಲಂ. ‘ಒಂದು ಸಾರಿ, ಎರಡು ಸಾರಿ’ ಎಂದು ಕೂಗುವವರ ಗಂಟಲಿಗೆ ಅವತ್ತು ಬಿಡುವಿಲ್ಲ. ಪೇಟೆಯ ಬೆಲೆಗಿಂತ ಎಷ್ಟೋ ಪಟ್ಟು ಕೊಟ್ಟು ಒಂದು ಸೀಯಾಳ ಕೊಂಡವರು ಅದನ್ನು ಮತ್ತೆ ಏಲಂಗೇ ಇಡುತ್ತಾರೆ. ಅದೇ ಸೀಯಾಳ ನಾಲ್ಕು ಕೈ ದಾಟಿ ನಾಲ್ಕು ಸಲ ಹಣ ತರುತ್ತದೆ. ನೆರೆಯ ಹಿಂದೂ, ಮುಸ್ಲಿಂ ಮನೆಯವರೂ ಬಂದು ಕೂಗುತ್ತಾರೆ. ಹೀಗೆ ಬಂದ ಹಣದಿಂದ ಸಭೆಯ ಖರ್ಚಿಗೂ ಸಹಾಯದ ಕೆಲಸಗಳಿಗೂ ವರ್ಷದ ಆಧಾರ ಸಿಗುತ್ತದೆ.

ಬಲ್ಮಠವನ್ನು ನೋಡಿದವರು ಜೆಪ್ಪುವಿನ ಕಾಂತಿ ಚರ್ಚಿಗೂ ಹೋಗಬೇಕು; ಹಂಚಿನ ಕಾರ್ಖಾನೆಯ ಕುಟುಂಬಗಳ ನೆನಪು ಆ ಭಾಗದಲ್ಲಿ ದಟ್ಟವಾಗಿದೆ. ಉಡುಪಿಯ ಮಿಷನ್ ಕಾಂಪೌಂಡಿನಲ್ಲಿ ಜುಬಿಲಿ ಚರ್ಚ್ ಇದೆ. ಆ ಊರಲ್ಲೇ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಹಂಪನಕಟ್ಟೆಯ ಸೇಂಟ್ ಪಾಲ್ಸ್ ಚರ್ಚ್ ಬ್ರಿಟಿಷ್ ಕಾಲದ ಆಂಗ್ಲಿಕನ್ ಪರಂಪರೆಯದು.

ಹೋಗಬಯಸುವವರು ಭಾನುವಾರ ಬೆಳಿಗ್ಗೆ ಗಂಟೆಗೆ ಮೊದಲೇ ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದು. ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಸಭೆ ಎದ್ದಾಗ ಏಳಿ, ಕೂತಾಗ ಕೂರಿ. ಪಕ್ಕದವರು ಗೀತೆಯ ಪುಸ್ತಕವನ್ನು ನಿಮ್ಮ ಕಡೆ ಸರಿಸಿದರೆ ಹಾಡಲು ಹಿಂಜರಿಯಬೇಡಿ. ಕರ್ತನ ಭೋಜನಕ್ಕೆ ಸಭೆಯವರು ಎದ್ದು ಹೋಗುವಾಗ ನೀವು ಕೂತಲ್ಲೇ ಇರಬಹುದು. ಫೋಟೊ ತೆಗೆಯುವುದಾದರೆ ಆರಾಧನೆ ಮುಗಿದ ಮೇಲೆ, ಕೇಳಿ ತೆಗೆಯಿರಿ. ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ ಕಾಲದ ಹಳೆಯ ಮುದ್ರಣಗಳಿವೆ. ಅವನ್ನು ನೋಡುವ ಆಸೆ ಇದ್ದರೆ ಕೆಲಸದ ದಿನ ಮೊದಲೇ ತಿಳಿಸಿ ಹೋಗುವುದು ಒಳ್ಳೆಯದು. ಬೆಳೆಹಬ್ಬದ ಭಾನುವಾರವೇ ಹೋಗುವಿರಾದರೆ ಕೈಯಲ್ಲಿ ಒಂದು ಬಟ್ಟೆಚೀಲ, ಜೇಬಿನಲ್ಲಿ ಚಿಲ್ಲರೆ ಇರಲಿ. ಏಲಂ ಮಧ್ಯಾಹ್ನದವರೆಗೂ ನಡೆಯುತ್ತದೆ.