ಒಂದು ಗ್ರಾಂ ಇದ್ದಿಲು, ಹತ್ತು ಗುಂಟೆ ಮೇಲ್ಮೈ

2005ರ ನವೆಂಬರ್ 13ರಂದು ಈಶಾನ್ಯ ಚೀನಾದ ಜಿಲಿನ್ ನಗರದಲ್ಲಿ ಅನಿಲೀನ್ ತಯಾರಿಕಾ ಘಟಕವೊಂದು ಸ್ಫೋಟಿಸಿತು. ಬೆಂಜೀನ್, ನೈಟ್ರೊಬೆಂಜೀನ್, ಅನಿಲೀನ್ ಎಲ್ಲ ಸೇರಿ ಸುಮಾರು 100 ಟನ್ ರಾಸಾಯನಿಕ ಸಾಂಗ್‌ಹುವಾ ನದಿಯ ಪಾಲಾಯಿತು. ನದಿಯ ಕೆಳದಂಡೆಯ ಹಾರ್ಬಿನ್ ನಗರದಲ್ಲಿ ಲಕ್ಷಾಂತರ ಜನರಿಗೆ ನಾಲ್ಕು ದಿನ ನಲ್ಲಿ ನೀರು ನಿಂತುಹೋಯಿತು.

ಬೆಂಜೀನ್ ಉಂಗುರಕ್ಕೆ ಅಮೈನೊ ಗುಂಪು ಸೇರಿದರೆ ಅನಿಲೀನ್. ಆರೊಮ್ಯಾಟಿಕ್ ಅಮೈನ್‌ಗಳಲ್ಲಿ ಇದೇ ಅತಿ ಸರಳ. ಬಣ್ಣ, ಔಷಧ, ರಬ್ಬರ್ ಉದ್ಯಮಗಳಿಗೆ ಇದು ಬೇಕು. ಆದರೆ ದೇಹ ಸೇರಿದರೆ ಆಮ್ಲಜನಕ ಒಯ್ಯುವ ರಕ್ತದ ಶಕ್ತಿಯನ್ನೇ ಕುಂದಿಸುತ್ತದೆ. ಇದೇ ಕುಟುಂಬದ ಬೆಂಜಿಡೀನ್ ಮೂತ್ರಕೋಶದ ಕ್ಯಾನ್ಸರ್‌ಗೆ ಕಾರಣ. ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಜರ್ಮನಿಯ ವೈದ್ಯ ಲುಡ್ವಿಗ್ ರೆನ್ 1895ರಲ್ಲೇ ಗುರುತಿಸಿದ್ದ.

ನೀರಿನ ಕೆಸರನ್ನು ಮರಳು ತಡೆಯಬಲ್ಲದು. ಕರಗಿದ ಅಣುಗಳನ್ನು ತಡೆಯದು. ಹಾರ್ಬಿನ್‌ನಲ್ಲಿ ಮುಖ್ಯವಾಗಿ ಕಾಡಿದ್ದು ಅನಿಲೀನ್‌ನ ಮೂಲವಸ್ತುವಾದ ನೈಟ್ರೊಬೆಂಜೀನ್. ಅದನ್ನು ಹಿಡಿಯಲು, ನದಿಯಿಂದ ನೀರೆತ್ತುವ ಜಾಗದಲ್ಲೇ ಪಟುಗೊಳಿಸಿದ ಇದ್ದಿಲಿನ ಪುಡಿಯನ್ನು ಬೆರೆಸಲಾಯಿತು. ಕೊಳವೆಯಲ್ಲಿ ನೀರು ಶುದ್ಧೀಕರಣ ಘಟಕದತ್ತ ಸಾಗುವ ಹೊತ್ತಿಗೆ ವಿಷದ ಬಹುಪಾಲು ಇದ್ದಿಲಿಗೆ ಅಂಟಿಕೊಳ್ಳುತ್ತಿತ್ತು.

ಹೀಗೆ ಅಣುಗಳು ಘನವಸ್ತುವಿನ ಮೇಲ್ಮೈಗೆ ಅಂಟಿಕೊಳ್ಳುವ ಕ್ರಿಯೆಯೇ ಅಧಿಶೋಷಣೆ. ಸ್ಪಂಜು ನೀರನ್ನು ಹೀರುವುದಕ್ಕಿಂತ ಇದು ಬೇರೆ. ಎಣ್ಣೆಗೈಗೆ ಧೂಳು ಮೆತ್ತಿಕೊಳ್ಳುವಂತೆ ಎನ್ನಬಹುದು. ಆದ್ದರಿಂದ ಮೇಲ್ಮೈ ಹೆಚ್ಚಿದಷ್ಟೂ ಲಾಭ. ತೆಂಗಿನ ಕರಟದ ಇದ್ದಿಲನ್ನು ಅತಿ ಹೆಚ್ಚು ಶಾಖದಲ್ಲಿ ಉಗಿ ಹಾಯಿಸಿ ಕಾಯಿಸಿದರೆ ಅದರ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಆಗ ಒಂದು ಗ್ರಾಂ ಇದ್ದಿಲಿನ ಒಟ್ಟು ಮೇಲ್ಮೈ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನಿನಷ್ಟು!

ಅಮೈನ್‌ಗಳನ್ನು ಹಿಡಿಯಲು ಜೇಡಿಮಣ್ಣಿನ ಖನಿಜಗಳೂ ಉಂಟು. ಬೆಂಟೊನೈಟ್‌ನ ಪದರಗಳಲ್ಲಿ ಋಣ ವಿದ್ಯುದಂಶವಿರುತ್ತದೆ. ಆಮ್ಲೀಯ ನೀರಿನಲ್ಲಿ ಅನಿಲೀನ್ ಒಂದು ಪ್ರೋಟಾನನ್ನು ಪಡೆದು ಧನ ಅಯಾನಾಗುತ್ತದೆ. ಆಗ ಜೇಡಿಮಣ್ಣು ಅದನ್ನು ಸೆಳೆದುಕೊಳ್ಳುತ್ತದೆ. ಆಮ್ಲೀಯವಲ್ಲದ ನದಿ ನೀರಿನಲ್ಲಿ ಅನಿಲೀನ್‌ಗೆ ವಿದ್ಯುದಂಶವಿಲ್ಲ. ಅಲ್ಲಿ ಇದ್ದಿಲೇ ಮೇಲು. ಜೇಡಿಮಣ್ಣು ಅಗ್ಗವೆಂದು ಎಲ್ಲ ಕಡೆ ಬಳಸಲಾಗದು; ಮೊದಲು ನೀರಿನ ಗುಣ ಅರಿಯಬೇಕು.

ಅಧಿಶೋಷಣೆಯಿಂದ ವಿಷ ನಾಶವಾಗುವುದಿಲ್ಲ, ನೀರಿನಿಂದ ಇದ್ದಿಲಿಗೆ ಸ್ಥಳಾಂತರವಾಗುತ್ತದೆ ಅಷ್ಟೆ. ಕಾರ್ಖಾನೆಗಳಲ್ಲಿ ಬಳಸಿದ ಇದ್ದಿಲನ್ನು ಕುಲುಮೆಯಲ್ಲಿ ಮತ್ತೆ ಕಾಯಿಸಬೇಕು, ಇಲ್ಲವೇ ಸುರಕ್ಷಿತವಾಗಿ ಸುಡಬೇಕು. ಮನೆಯ ಅನೇಕ ಫಿಲ್ಟರ್‌ಗಳಲ್ಲಿರುವುದೂ ಇಂಥದೇ ಇದ್ದಿಲು. ಅದರ ಜಾಗವೂ ಒಂದು ದಿನ ಭರ್ತಿಯಾಗುತ್ತದೆ. ನೀರು ತಿಳಿಯಾಗಿ ಕಂಡರೂ ಅವಧಿ ಮುಗಿದ ಕೂಡಲೇ ಅದನ್ನು ಬದಲಿಸಬೇಕು.