ಅಂಕ ಕೊಡುವ ಕೈ

ಕೊಡಗಿನಲ್ಲಿ ಆಷಾಢದ ಮಳೆ ಒಮ್ಮೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಅಂಥದೊಂದು ದಿನ ನಮ್ಮ ಕಾಲೇಜಿನಲ್ಲಿ ಆಂತರಿಕ ಪರೀಕ್ಷೆ ನಡೆಯಿತು. ಭಾಗಮಂಡಲದ ಕಡೆಯ ಒಬ್ಬ ವಿದ್ಯಾರ್ಥಿನಿ ಬರಲಿಲ್ಲ. ಅವಳ ಹೆಸರಿನ ಮುಂದೆ ಸೊನ್ನೆ ಬರೆದು ನಾನು ಬೇರೆ ಕೆಲಸದಲ್ಲಿ ತೊಡಗಿದೆ. ಅಂಕಪಟ್ಟಿ ಸೂಚನಾಫಲಕಕ್ಕೆ ಏರಿದ ದಿನ ಅವಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು.

“ಹೊಳೆ ತುಂಬಿ ದಾರಿ ಕಟ್ಟಿತ್ತು, ಸಾರ್.”

“ಮೊದಲೇ ಏಕಮ್ಮ ಹೇಳಲಿಲ್ಲ?”

“ತಾವು ಕೇಳಲಿಲ್ಲ, ಸಾರ್.”

ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಇದ್ದುದು ಬರಿಯ ನಿಜ. ಪಟ್ಟಿ ಇನ್ನೂ ವಿಶ್ವವಿದ್ಯಾನಿಲಯಕ್ಕೆ ಹೋಗಿರಲಿಲ್ಲವಾದ್ದರಿಂದ ಮರುದಿನವೇ ಅವಳಿಗೆ ಪರೀಕ್ಷೆ ನಡೆಸಿ ಸೊನ್ನೆಯನ್ನು ಹೊಡೆದುಹಾಕಿದೆ. ಆದರೆ ಅವಳು ಬಾಯಿ ತೆರೆಯದೆ ಹಿಂದಿರುಗಿದ್ದರೆ? ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕೊಡಗಿನ ಮಕ್ಕಳ ಉತ್ತರಪತ್ರಿಕೆ ಬಹುಕಾಲ ಬೆಟ್ಟವಿಳಿದು ದೂರದ ಊರಿಗೆ ಹೋಗುತ್ತಿತ್ತು. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು 1949ರಲ್ಲಿ ಆರಂಭವಾದಾಗ ಅದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಲೀನವಾದ ಮೇಲೆ ಅದು ಮೈಸೂರಿನ ಆಶ್ರಯಕ್ಕೆ ಬಂದಿತು. 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾನಿಲಯ ಈ ಜಿಲ್ಲೆಯನ್ನೂ ತನ್ನದಾಗಿಸಿಕೊಂಡಿತು. 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗಿನದೇ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಹೀಗೆ ಮುದ್ರೆ ಬದಲಾಯಿತು. ಆದರೆ ವಿದ್ಯಾರ್ಥಿಯ ಮುಖವನ್ನೇ ಕಾಣದವರು ಅವನ ಮೂರು ಗಂಟೆಯ ಬರಹವನ್ನು ತೂಗುವ ಪದ್ಧತಿ ಉಳಿಯಿತು.

ಇದು ಸಾಲದೆಂಬ ಅರಿವು ಹೊಸದೇನಲ್ಲ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು 1949ರಷ್ಟು ಹಿಂದೆಯೇ, ಒಂದೇ ಒಂದು ಸುಧಾರಣೆಗೆ ಅವಕಾಶವಿದ್ದರೆ ಅದು ಪರೀಕ್ಷೆಯದಾಗಬೇಕೆಂದು ಅಭಿಪ್ರಾಯಪಟ್ಟಿತು. ಅಂಕಗಳಲ್ಲಿ ಮೂರನೆಯ ಒಂದು ಪಾಲನ್ನು ತರಗತಿಯ ಕೆಲಸಕ್ಕೆ ಮೀಸಲಿಡಬೇಕೆಂದೂ ಸೂಚಿಸಿತು. 2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಯನ್ನು ಅಳವಡಿಸಿಕೊಂಡಾಗ ನೂರಕ್ಕೆ ನಲವತ್ತು ಅಂಕ ಅಧ್ಯಾಪಕರ ಕೈಗೆ ಬಂದವು. 2024ರಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿದಾಗ ಆ ಪಾಲು ತಗ್ಗಿತು.

ಪಾಲು ಎಷ್ಟಿರಬೇಕೆಂಬ ಚರ್ಚೆ ಎಲ್ಲೆಡೆಯೂ ಉಂಟು. ಅಪರಿಚಿತನಿಗೆ ಪಕ್ಷಪಾತವಿಲ್ಲ, ಆದರೆ ಹೊಳೆ ತುಂಬಿದ್ದೂ ತಿಳಿಯದು. ಅಧ್ಯಾಪಕನಿಗೆ ಎಲ್ಲವೂ ತಿಳಿಯಬಹುದು; ಆದರೆ ಅವನಿಗೆ ಪ್ರೀತಿಯೂ ಉಂಟು, ಮುನಿಸೂ ಉಂಟು, ನನ್ನಂತೆ ಅಲಕ್ಷ್ಯವೂ ಉಂಟು. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಲೈನ್‌ಮನೆಯಿಂದ ಬರುವ ಹುಡುಗ ತರಗತಿಯಲ್ಲಿ ತೂಕಡಿಸಿದರೆ ಅದು ಸೋಮಾರಿತನವೋ, ದುಡಿದ ದಣಿವೋ? ಕೇಳದೆ ತಿಳಿಯುವ ಬಗೆ ಎಂತು?

ಅಪರಿಚಿತನ ತಪ್ಪಿಗೆ ಒಂದು ಮದ್ದು ದೊರೆತಿದೆ. ತಿದ್ದಿದ ಉತ್ತರಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನ ಕಾಯಿದೆಯಡಿ ಪರೀಕ್ಷಾರ್ಥಿಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2011ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಅದೇ ಬೆಳಕು ನಮ್ಮ ಆಂತರಿಕ ಅಂಕಗಳ ಮೇಲೂ ಬೀಳಲಿ. ತಿದ್ದಿದ ಹಾಳೆ ಮೊದಲು ವಿದ್ಯಾರ್ಥಿಯ ಕೈಗೆ ಬರಲಿ; ಅಂಕ ಕಡಿದದ್ದು ಏಕೆಂದು ಅದರಲ್ಲಿ ಎರಡು ಸಾಲು ಇರಲಿ; ಮಳೆಗಾಲದ ಪರೀಕ್ಷೆಗೆ ಎರಡನೆಯ ದಿನವೊಂದು ಮೊದಲೇ ಗೊತ್ತಾಗಿರಲಿ. ಪಟ್ಟಿ ವಿಶ್ವವಿದ್ಯಾನಿಲಯಕ್ಕೆ ಹೋಗುವುದು ಆ ಬಳಿಕ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ.

ತಂದೆತಾಯಿಗಳಿಗೂ ಒಂದು ಬಿನ್ನಹ: ಮಗ ಮಗಳು ತಂದ ಅಂಕವೆಷ್ಟೆಂದು ಕೇಳುವ ಮೊದಲು, ಆ ಅಂಕ ಹೇಗೆ ಬಂದಿತೆಂದು ಕೇಳಿರಿ. ಅಧ್ಯಾಪಕರನ್ನು ವಿನಯದಿಂದ ಪ್ರಶ್ನಿಸುವುದನ್ನು ಕಲಿಸಿರಿ.

ಈಗ ಗೈರುಹಾಜರಾದವರ ಹೆಸರಿನ ಮುಂದೆ ನಾನು ಸೊನ್ನೆ ಬರೆಯುವುದಿಲ್ಲ. ಜಾಗವನ್ನು ಖಾಲಿ ಬಿಟ್ಟು, ಮೊದಲು ಕೇಳುತ್ತೇನೆ.